ಥಾಯ್ಲೆಂಡ್‌ನಲ್ಲಿ ಚಪ್ಪಲಿ ಬಿಡುವುದು ಗೊತ್ತು, ಕಾಲು ಎಲ್ಲಿಡಬೇಕು?

ಶ್ರೀರಾಚಾ ಸೊಸೆ

ಎಲ್ಲರಿಗೂ ನಮಸ್ಕಾರ. ನಾವು ಥಾಯ್ಲೆಂಡಿನ ಶ್ರೀರಾಚಾ ಪಟ್ಟಣಕ್ಕೆ ಬಂದು ನಾಲ್ಕು ತಿಂಗಳಾಯಿತು. ಯಜಮಾನರಿಗೆ ಇಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಸುತ್ತ ಎಲ್ಲಾ ಥಾಯ್ ಮನೆಗಳೇ. ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ಪಕ್ಕದ ಮನೆಯವರ ಗೃಹಪ್ರವೇಶ ಇತ್ತು. ಇಲ್ಲಿ ಅದಕ್ಕೆ 'ಖುನ್ ಬಾನ್ ಮಾಯ್' ಅಂತಾರೆ. ಒಂಬತ್ತು ಜನ ಬೌದ್ಧ ಭಿಕ್ಖುಗಳು ಬಂದಿದ್ದರು. ಮನೆ ಸುತ್ತ ಬಿಳಿ ದಾರ ಕಟ್ಟಿದ್ದರು. ನಾನು ಬಾಗಿಲ ಹೊರಗೇ ಚಪ್ಪಲಿ ಬಿಟ್ಟೆ. ಇದೇನು ನಮಗೆ ಹೊಸದಲ್ಲವಲ್ಲ ಅಂದುಕೊಂಡು ಒಳಗೆ ಹೋಗಿ ಚಾಪೆ ಮೇಲೆ ಕೂತೆ. ಮಂತ್ರ ಶುರುವಾಗಿ ಅರ್ಧ ಗಂಟೆ ಆಗಿತ್ತು. ನನಗೆ ಮಂಡಿ ನೋವಿದೆ. ಕಾಲು ಜೋಮು ಹಿಡಿಯಿತು. ಸ್ವಲ್ಪ ಮುಂದಕ್ಕೆ ಚಾಚಿದೆ.

ಪಕ್ಕದಲ್ಲಿದ್ದ ಅಜ್ಜಿ ಏನೂ ಮಾತಾಡಲಿಲ್ಲ. ಹೆಗಲ ಮೇಲಿದ್ದ ಬಟ್ಟೆ ತೆಗೆದು ನನ್ನ ಪಾದದ ಮೇಲೆ ಹೊದಿಸಿದರು. ಆಮೇಲೆ ಮೊಣಕಾಲನ್ನು ಮೆಲ್ಲಗೆ ತಟ್ಟಿ, ಪಕ್ಕಕ್ಕೆ ಮಡಚು ಅಂತ ಕೈಸನ್ನೆ ಮಾಡಿದರು. ಆಗ ತಲೆ ಎತ್ತಿ ನೋಡಿದೆ. ನನ್ನ ಅಂಗಾಲು ನೇರವಾಗಿ ಭಿಕ್ಖುಗಳ ಕಡೆಗೇ ಇತ್ತು. ಎದೆ ಧಸಕ್ಕೆಂದಿತು. ಊಟಕ್ಕೆ ಕೂತಾಗಲೂ ಯಾರ ಮುಖ ನೋಡಲೂ ಸಂಕೋಚ.

ಮುಂದಿನ ತಿಂಗಳು ನಮ್ಮ ಅತ್ತೆ, ಮಾವ ಬರುತ್ತಿದ್ದಾರೆ. ಮಾವನಿಗೆ 20 ವರ್ಷದಿಂದ ಸಕ್ಕರೆ ಕಾಯಿಲೆ. ಪಾದದಲ್ಲಿ ಸ್ಪರ್ಶ ಅಷ್ಟಾಗಿ ತಿಳಿಯುವುದಿಲ್ಲ. ಬರಿಗಾಲಲ್ಲಿ ನಡೆಯಲೇಬಾರದು ಅಂತ ಊರಿನ ಡಾಕ್ಟರು ಹೇಳಿದ್ದಾರೆ. ಅವರಿಗೆ ಬ್ಯಾಂಕಾಕಿನ ವಾಟ್ ಫೋ, ಚಿಯಾಂಗ್ ಮಾಯ್‌ನ ದೋಯ್ ಸುತೇಪ್ ಎರಡೂ ನೋಡಬೇಕಂತೆ. ಎರಡೂ 'ವಾಟ್', ಅಂದರೆ ಬೌದ್ಧ ದೇವಾಲಯಗಳು. ಅಲ್ಲಿ ಏನು ಮಾಡುವುದು? ಇಲ್ಲಿ ವರ್ಷಗಟ್ಟಲೆ ಇದ್ದವರು ದಯವಿಟ್ಟು ಹೇಳಿ.

ಸಿಲೋಮ್ ಹಳಬ

ನೋಡಮ್ಮಾ, ಮೊದಲು ಆ ಸಂಕೋಚ ಬಿಡು. ಅಜ್ಜಿ ಬಟ್ಟೆ ಹೊದಿಸಿದ್ದು ನಿನ್ನನ್ನು ಬೈಯುವುದಕ್ಕಲ್ಲ. ಯಾರೂ ನಿನ್ನನ್ನು ತಪ್ಪು ತಿಳಿಯಬಾರದು ಅಂತ ಕಾಪಾಡಿದರು. ಪರಕೀಯಳು ಅಂದುಕೊಂಡಿದ್ದರೆ ಸುಮ್ನೆ ಇದ್ದುಬಿಡುತ್ತಿದ್ದರು. ಮನೆಮಗಳ ಹಾಗೆ ಕಂಡಿದ್ದಕ್ಕೇ ಸರಿ ಮಾಡಿದರು.

ನಾನು ಬ್ಯಾಂಕಾಕಿಗೆ ಬಂದು 19 ವರ್ಷ. ಹೊಸದಾಗಿ ಬರುವ ನಮ್ಮವರಲ್ಲಿ ಈ ತಪ್ಪು ಬಹಳ ಕಂಡಿದ್ದೇನೆ, ನಾನೂ ಮಾಡಿದ್ದೇನೆ. ಯುರೋಪಿನವರಿಗೆ ಚಪ್ಪಲಿ ಬಿಡುವುದೇ ಹೊಸ ಪಾಠ. ಹಾಗಾಗಿ ಅವರು ಎಲ್ಲವನ್ನೂ ಕೇಳಿ ಕಲಿಯುತ್ತಾರೆ. ನಮಗೆ ಅದು ಗೊತ್ತಿದೆ, ಹಾಗಾಗಿ ಉಳಿದಿದ್ದನ್ನು ಕೇಳುವುದೇ ಇಲ್ಲ. ಹೊಸ್ತಿಲಾಚೆ ಚಪ್ಪಲಿ ಬಿಟ್ಟರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಇಲ್ಲಿ ಪಾಠ ಶುರುವಾಗುವುದೇ ಅಲ್ಲಿಂದ.

ದೇವರ ಕಡೆ ಕಾಲು ಚಾಚಬಾರದು ಅಂತ ನಮ್ಮ ಅಜ್ಜಿಯೂ ಹೇಳುತ್ತಿದ್ದರು. ಆದರೆ ನಾವು ಅದನ್ನು ದೇವರ ಕೋಣೆಗೆ, ದೇವಸ್ಥಾನಕ್ಕೆ ಮಾತ್ರ ಇಟ್ಟುಕೊಂಡೆವು. ಥಾಯ್ ಜನ ಅದನ್ನು ಎಲ್ಲ ಮನುಷ್ಯರಿಗೂ ಅನ್ವಯಿಸುತ್ತಾರೆ. ದೇಹದಲ್ಲಿ ತಲೆ ಎಲ್ಲಕ್ಕಿಂತ ಮೇಲು, ಪಾದ ಎಲ್ಲಕ್ಕಿಂತ ಕೆಳಗೆ. ಆದ್ದರಿಂದ ಅಂಗಾಲು ಯಾರ ಕಡೆಗೂ ತಿರುಗಬಾರದು. ಕಾಲಿನಿಂದ ಬಾಗಿಲು ತಳ್ಳಬಾರದು. ಕೆಳಗೆ ಬಿದ್ದ ವಸ್ತುವನ್ನು ಕಾಲಿನಿಂದ ಸರಿಸಬಾರದು, ಕಾಲಿನಿಂದ ತೋರಿಸಬಾರದು. ಮಲಗಿದವರನ್ನು, ಊಟದ ತಟ್ಟೆಯನ್ನು ದಾಟಬಾರದು. ಇವೆಲ್ಲಾ ನಮ್ಮ ಹಳ್ಳಿಮನೆಯಲ್ಲೂ ಇದ್ದವು, ಅಲ್ವಾ?

ಕೂರುವ ಕ್ರಮಕ್ಕೆ ಇಲ್ಲಿ 'ಫಪ್ ಫಿಯಪ್' ಅಂತ ಹೆಸರು. ಎರಡೂ ಕಾಲನ್ನು ಒಂದೇ ಪಕ್ಕಕ್ಕೆ ಮಡಚಿ, ಪಾದ ಹಿಂದಕ್ಕೆ ಹೋಗುವ ಹಾಗೆ ಕೂರುವುದು. ನಮ್ಮ ಚಕ್ಕಂಬಕ್ಕಳಕ್ಕೆ ಇವರು 'ಖತ್ ಸಮಾತ್' ಅಂತಾರೆ. ಆ ಸಮಾತ್ ಅಂದರೆ ನಮ್ಮ ಸಮಾಧಿ ಪದವೇ. ಊಟಕ್ಕೆ, ಧ್ಯಾನಕ್ಕೆ ಅದು ಸರಿ. ಭಿಕ್ಖುಗಳ ಎದುರು, ಹಿರಿಯರ ಎದುರು ಫಪ್ ಫಿಯಪ್ ಒಳ್ಳೆಯದು. ಒಂದು ಪಕ್ಕ ನೋವಾದರೆ ಇನ್ನೊಂದು ಪಕ್ಕಕ್ಕೆ ಬದಲಾಯಿಸಬಹುದು. ಥಾಯ್ ಜನವೂ ಹಾಗೇ ಮಾಡುತ್ತಾರೆ, ಗಮನಿಸಿ ನೋಡು. ಮಂಡಿ ನೋವಿದ್ದವರಿಗೆ ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಡುತ್ತಾರೆ. ಕೇಳಲು ಹಿಂಜರಿಯಬೇಡ.

ಖೋನ್‌ಕೇನ್ ಟೀಚರ್

ಅಕ್ಕಾ, ನಾನು ಇಸಾನ್ ಕಡೆಯ, ಅಂದರೆ ಈಶಾನ್ಯ ಥಾಯ್ಲೆಂಡಿನ, ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮಲ್ಲಿ ಮಕ್ಕಳು ತರಗತಿಯ ಹೊರಗೆ ಶೂ ಬಿಟ್ಟು ಬಿಳಿ ಸಾಕ್ಸಿನಲ್ಲಿ ಒಳಗೆ ಬರುತ್ತಾರೆ. ನಲವತ್ತು ಜೊತೆ ಶೂ ವರಾಂಡದಲ್ಲಿ ಸಾಲಾಗಿ ನಿಂತಿರುತ್ತವೆ. ಒಂದು ದಿನ ಬೋರ್ಡಿನ ಕೆಳಗೆ ಬಿದ್ದಿದ್ದ ಪುಸ್ತಕವನ್ನು ಯೋಚಿಸದೆ ಪಾದದಿಂದ ಪಕ್ಕಕ್ಕೆ ಸರಿಸಿದೆ. ಕೈತುಂಬ ಉತ್ತರ ಪತ್ರಿಕೆ ಇದ್ದವು. ಗಲಾಟೆಯ ತರಗತಿ ಒಮ್ಮೆಗೇ ತಣ್ಣಗಾಯಿತು. ಮುಂದಿನ ಬೆಂಚಿನ ಹುಡುಗಿ ಎದ್ದು ಬಂದು ಪುಸ್ತಕ ಎತ್ತಿ, ಹಣೆಗೆ ಮುಟ್ಟಿಸಿ ಮೇಜಿನ ಮೇಲಿಟ್ಟಳು. ಸರಸ್ವತಿಯನ್ನು ತುಳಿಯಬಾರದು ಅಂತ ಬೆಳೆದವಳು ನಾನು. ಆ ಮಗುವಿನ ಮುಂದೆ ಕೈಮುಗಿದು ಕ್ಷಮೆ ಕೇಳಿದೆ.

ಭಾಷೆ ಸ್ವಲ್ಪ ಗೊತ್ತಾದರೆ ಇದೆಲ್ಲಾ ಬೇಗ ಅರ್ಥವಾಗುತ್ತದೆ. ಪಾದಕ್ಕೆ ಮರ್ಯಾದೆಯ ಮಾತು 'ಥಾವ್'. 'ತೀನ್' ಅಂತಲೂ ಒಂದು ಪದ ಇದೆ, ಅದು ಒರಟು. ಮನುಷ್ಯರ ಕಾಲಿಗೆ ಅದನ್ನು ಬಳಸಬೇಡಿ, ಜಗಳದ ಮಾತಾಗುತ್ತದೆ. ಬುದ್ಧನ, ರಾಜರ ಪಾದಕ್ಕೆ 'ಫ್ರ ಬಾತ್'. ಈ ಬಾತ್ ಅಂದರೆ ನಮ್ಮ 'ಪಾದ'ವೇ. ರಾಜರ ಜೊತೆ ಮಾತಾಡುವಾಗ ಅವರನ್ನು ನೇರವಾಗಿ ಕರೆಯುವ ಹಾಗಿಲ್ಲ. 'ತಾಯ್ ಫಾ ಲಓಂಗ್ ಥುಲೀ ಫ್ರ ಬಾತ್' ಅನ್ನಬೇಕು. ಥುಲೀ ಅಂದರೆ ಧೂಳಿ. ನಿಮ್ಮ ಪಾದದ ಧೂಳಿಗೆ ಅರಿಕೆ ಮಾಡಿಕೊಳ್ಳುತ್ತಿದ್ದೇನೆ ಅನ್ನುವ ಭಾವ. ಇದನ್ನು ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು.

ಚಪ್ಪಲಿ, ಶೂ ಎಲ್ಲದಕ್ಕೂ 'ರೋಂಗ್ ಥಾವ್' ಅಂತಾರೆ. ಪಾದಕ್ಕೆ ಆಸರೆ ಅಂತ ಅರ್ಥ. ಬಾಗಿಲಲ್ಲಿ 'ಕರುಣಾ ಥೋತ್ ರೋಂಗ್ ಥಾವ್' ಅಂತ ಬೋರ್ಡ್ ಇರುತ್ತದೆ. ದಯವಿಟ್ಟು ಪಾದರಕ್ಷೆ ಬಿಡಿ ಅಂತ. 'ಕರುಣಾ' ಅಂತ ಬರೆದು ಕೇಳುವ ಜನ ಇವರು!

ಶ್ರೀರಾಚಾ ಸೊಸೆ

ಸಿಲೋಮ್ ಸರ್, ಟೀಚರ್, ನಿಮ್ಮಿಬ್ಬರಿಗೂ ತುಂಬಾ ಥ್ಯಾಂಕ್ಸ್. ಮನಸ್ಸು ಹಗುರವಾಯಿತು. ಇನ್ನೊಂದು ಗೊಂದಲ. ಕೆಲವು ಮನೆಗೆ ಹೋದರೆ 'ಮಾಯ್ ತೋಂಗ್ ಥೋತ್', ಬಿಡಬೇಕಾಗಿಲ್ಲ ಬನ್ನಿ ಬನ್ನಿ ಅಂತಾರೆ. ಅದನ್ನು ನಿಜ ಅಂತ ತಿಳಿಯಬೇಕಾ?

ಸಿಲೋಮ್ ಹಳಬ

ಅವರ ಕಾಲು ನೋಡು. ಮನೆಯವರೇ ಒಳಗೆ ಚಪ್ಪಲಿ ಹಾಕಿದ್ದರೆ ಮಾತ್ರ ನಿಜ. ಇಲ್ಲದಿದ್ದರೆ ಅದು ಉಪಚಾರದ ಮಾತು. ನಮ್ಮಲ್ಲಿ ಊಟದ ಹೊತ್ತಿಗೆ ಬಂದವರು 'ಏನೂ ಬೇಡ, ಈಗ ತಾನೆ ತಿಂದೆ' ಅಂತಾರಲ್ಲ, ಹಾಗೆ. ನಾನಂತೂ ಎಷ್ಟೇ ಬೇಡ ಅಂದರೂ ಬಿಟ್ಟೇ ಹೋಗುತ್ತೇನೆ. ಮನೆಯವರ ಮುಖ ಅರಳುವುದು ಕಾಣುತ್ತದೆ.

ಅವರ ನೆಲದ ಬಗ್ಗೆಯೂ ಯೋಚಿಸು. ಥಾಯ್ ಮನೆಯಲ್ಲಿ ನೆಲ ಅಂದರೆ ಬರೀ ನಡೆಯುವ ಜಾಗ ಅಲ್ಲ. ಚಾಪೆ ಹಾಸಿ ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಮಗುವಿನ ಆಟ. ಹಳೇ ಕಾಲದ ಮರದ ಮನೆಗಳು ಕಂಬದ ಮೇಲೆ ಎತ್ತರದಲ್ಲಿರುತ್ತವೆ. ಮೆಟ್ಟಿಲ ಬುಡದಲ್ಲಿ ನೀರಿನ ಮಣ್ಣಿನ ಜಾಡಿ, ತೆಂಗಿನ ಚಿಪ್ಪಿನ ಸೌಟು ಇರುತ್ತಿತ್ತು. ಕಾಲು ತೊಳೆದು ಹತ್ತಬೇಕು. ನಮ್ಮೂರಲ್ಲಿ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುತ್ತಿದ್ದ ಹಾಗೇ.

ನೊಂತಬುರಿ ಅಮ್ಮ

ಅಂಗಡಿಗಳ ವಿಷಯ ಯಾರೂ ಹೇಳಲಿಲ್ಲ. ಮಾಲ್, ಸೂಪರ್ ಮಾರ್ಕೆಟ್ ಎಲ್ಲಾ ಸರಿ, ಶೂ ಹಾಕಿಯೇ ಹೋಗುವುದು. ಆದರೆ ಗಲ್ಲಿಯೊಳಗಿನ ಸಣ್ಣ ಕ್ಲಿನಿಕ್, ಹಲ್ಲಿನ ಡಾಕ್ಟರು, ಮಸಾಜ್ ಅಂಗಡಿ, ಟೈಲರ್ ಅಂಗಡಿ, ಮಕ್ಕಳ ಟ್ಯೂಷನ್ ಇಂಥ ಕಡೆ ಬಾಗಿಲಲ್ಲಿ ಚಪ್ಪಲಿ ರಾಶಿ ಇದೆಯಾ ನೋಡಿ. ಇದ್ದರೆ ಬಿಡಿ. ಬೋರ್ಡ್ ಓದಲು ಬರದಿದ್ದರೂ ಆ ರಾಶಿ ಓದಬಹುದು. ಅನುಮಾನವಾದರೆ 'ತೋಂಗ್ ಥೋತ್ ರೋಂಗ್ ಥಾವ್ ಮಾಯ್ ಖಾ?' ಅಂತ ಕೇಳಿ. ಬಿಡಬೇಕಾ ಅಂತ ಅರ್ಥ. ಗಂಡಸರಾದರೆ ಕೊನೆಗೆ ಖಾ ಬದಲು 'ಖ್ರಾಪ್' ಅನ್ನಬೇಕು.

ಕೆಲವು ಕಡೆ ಒಳಗೆ ಹಾಕಲು ಬೇರೆ ಚಪ್ಪಲಿ ಇಟ್ಟಿರುತ್ತಾರೆ. ಬಚ್ಚಲಿಗೆ ಇನ್ನೊಂದು ಜೊತೆ. ಬಚ್ಚಲ ಚಪ್ಪಲಿಯನ್ನು ಬಚ್ಚಲಲ್ಲೇ ಬಿಟ್ಟು ಬನ್ನಿ. ನಾನು ಮೊದಲ ವಾರ ಅದನ್ನು ಹಾಕಿಕೊಂಡೇ ನೆರೆಮನೆಯ ಹಾಲ್‌ಗೆ ಬಂದುಬಿಟ್ಟಿದ್ದೆ. ಅವರ ಮಗಳು ಓಡಿಬಂದು ನೆಲ ಒರೆಸಿದಳು. ಇವತ್ತಿಗೂ ಆ ದೃಶ್ಯ ಕಣ್ಣಿಗೆ ಕಟ್ಟಿದ ಹಾಗಿದೆ.

ಫ್ಲ್ಯಾಟ್‌ನಲ್ಲಿ ಇರುವವರು ಕಾರಿಡಾರಿನಲ್ಲಿ ಚಪ್ಪಲಿ ಸ್ಟ್ಯಾಂಡ್ ಇಡುವ ಮುಂಚೆ ನಿಯಮ ಕೇಳಿಕೊಳ್ಳಿ. ಬಹಳ ಕಟ್ಟಡಗಳಲ್ಲಿ ಇಡಲು ಬಿಡುವುದಿಲ್ಲ. ನಾವು ಮೊದಲಿದ್ದ ಕಟ್ಟಡದಲ್ಲಿ ಎರಡು ಸಲ ಚೀಟಿ ಅಂಟಿಸಿ ಹೋಗಿದ್ದರು. ಆಮೇಲೆ ಬಾಗಿಲ ಒಳಗೇ ಒಂದು ರಬ್ಬರ್ ಹಾಸು ಹಾಕಿ ಅದರ ಮೇಲೆ ಬಿಡುತ್ತಿದ್ದೆವು.

ಆಸೋಕ್ ಹುಡುಗ

ಸ್ವಲ್ಪ ಬೇರೆ ಅಭಿಪ್ರಾಯ ಹೇಳುತ್ತೇನೆ, ಬೇಜಾರಾಗಬೇಡಿ. ನಾನು ಬ್ಯಾಂಕಾಕಿನ ಐಟಿ ಆಫೀಸಿನಲ್ಲಿದ್ದೇನೆ. ಇಲ್ಲಿ ಎಲ್ಲರೂ ಶೂ ಹಾಕಿಯೇ ಇರುತ್ತಾರೆ. ನನ್ನ ವಯಸ್ಸಿನ ಥಾಯ್ ಗೆಳೆಯರು ಕಾಲ ಮೇಲೆ ಕಾಲು ಹಾಕಿ ಕೂರುತ್ತಾರೆ. ಹೊಸಬರಿಗೆ ಇಷ್ಟೊಂದು ನಿಯಮ ಹೇಳಿದರೆ ಹೆದರಿ ಯಾರ ಮನೆಗೂ ಹೋಗುವುದಿಲ್ಲ. ವಿದೇಶಿಯರ ತಪ್ಪನ್ನು ಇಲ್ಲಿ ಯಾರೂ ದೊಡ್ಡದು ಮಾಡುವುದಿಲ್ಲ ಅನ್ನುವುದು ನನ್ನ ಅನುಭವ.

ಸಿಲೋಮ್ ಹಳಬ

ಹೆದರಬಾರದು ಅನ್ನುವುದು ಸರಿ, ತಮ್ಮಾ. ಆದರೆ ಯಾರೂ ಹೇಳುವುದಿಲ್ಲ ಅಂದರೆ ಯಾರಿಗೂ ಅನ್ನಿಸುವುದಿಲ್ಲ ಅಂತಲ್ಲ. ಥಾಯ್ ಜನ ಎದುರಿಗೆ ಹೇಳುವುದು ಕಡಿಮೆ. 'ಮಾಯ್ ಪೆನ್ ರಾಯ್', ಪರವಾಗಿಲ್ಲ ಬಿಡಿ ಅಂತ ನಕ್ಕುಬಿಡುತ್ತಾರೆ.

ಗೆಳೆಯರ ನಡುವೆ ಹೇಗೆ ಕೂತರೂ ನಡೆಯುತ್ತದೆ. ಹಿರಿಯರ ಮುಂದೆ ಅದೇ ಬೇರೆ. ನನ್ನ ಮೊದಲ ವರ್ಷ ಒಂದು ಮೀಟಿಂಗ್‌ನಲ್ಲಿ ಕಣಕಾಲನ್ನು ಇನ್ನೊಂದು ಮಂಡಿಯ ಮೇಲೆ ಅಡ್ಡ ಇಟ್ಟು ಕೂತಿದ್ದೆ. ಇವರು ಅದಕ್ಕೆ 'ಖ್ವಾಯ್ ಹಾಂಗ್' ಅಂತಾರೆ. ಬೂಟಿನ ಅಟ್ಟೆ ನೇರ ಎದುರಿಗಿದ್ದ ಹಿರಿಯರ ಮುಖದ ಕಡೆ. ಅವರು ಒಂದು ಮಾತೂ ಆಡಲಿಲ್ಲ. ಎರಡು ವರ್ಷ ಕಳೆದ ಮೇಲೆ, ಸ್ನೇಹ ಬೆಳೆದ ಮೇಲೆ, ಆ ದಿನ ನನಗೆ ನೋವಾಗಿತ್ತು ಅಂತ ಹೇಳಿದರು. ಎರಡು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಅದಕ್ಕೇ ಹೊಸಬರಿಗೆ ಮೊದಲೇ ಹೇಳುತ್ತೇನೆ.

ಆಸೋಕ್ ಹುಡುಗ

ಇದು ಗೊತ್ತಿರಲಿಲ್ಲ ಸರ್. ನಾಳೆಯಿಂದ ಗಮನಿಸುತ್ತೇನೆ. ಒಂದು ಸಣ್ಣ ವಿಷಯ ನಾನೂ ಸೇರಿಸುತ್ತೇನೆ. ವೀಸಾ ಕೆಲಸಕ್ಕೋ, ಬೇರೆ ಸರ್ಕಾರಿ ಕಚೇರಿಗೋ ಹೋಗುವಾಗ ಉಂಗುಟದ ಚಪ್ಪಲಿ ಬೇಡ. ಅದು ಮನೆ, ಸಂತೆಗೆ ಸರಿ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್‌ಗೆ 'ರತ್ ಸೋನ್' ಅಂತಾರೆ. ಹಿಮ್ಮಡಿ ಪೂರ್ತಿ ಮುಚ್ಚುವ ಶೂಗೆ 'ಹುಮ್ ಸೋನ್'. ಕಾಲೇಜು, ಆಫೀಸುಗಳಲ್ಲಿ ಹುಮ್ ಸೋನ್ ಕೇಳುತ್ತಾರೆ. ನಮ್ಮ ಆಫೀಸಿನಲ್ಲಿ ಬಹಳ ಜನ ಮೇಜಿನ ಕೆಳಗೆ ಒಂದು ಜೊತೆ ಮೆತ್ತನೆಯ ಚಪ್ಪಲಿ ಇಟ್ಟುಕೊಂಡು ದಿನವೆಲ್ಲಾ ಅದರಲ್ಲೇ ಇರುತ್ತಾರೆ.

ಫಿಸಿಯೋ ಬಳ್ಳಾರಿ

ಶ್ರೀರಾಚಾದವರೇ, ನಿಮ್ಮ ಮಾವನ ವಿಷಯಕ್ಕೆ ಬರುತ್ತೇನೆ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ಫಿಸಿಯೋಥೆರಪಿಸ್ಟ್, ಸಕ್ಕರೆ ಕಾಯಿಲೆಯವರ ಪಾದ ದಿನಾ ನೋಡುವ ಕೆಲಸ.

ಸ್ಪರ್ಶ ಕಡಿಮೆಯಾದ ಪಾದಕ್ಕೆ ಬಿಸಿಯೂ ತಿಳಿಯುವುದಿಲ್ಲ. ಥಾಯ್ ದೇವಾಲಯಗಳ ಅಂಗಳ ಕಲ್ಲು, ಅಮೃತಶಿಲೆ, ಟೈಲ್ಸ್. ಏಪ್ರಿಲ್ ಬಿಸಿಲಿನ ಮಧ್ಯಾಹ್ನ ನಮ್ಮಂಥವರು ಕುಣಿಯುತ್ತಾ ಓಡುತ್ತೇವೆ. ಅವರು ನಿಧಾನವಾಗಿ ನಡೆಯುತ್ತಾ ಇರುತ್ತಾರೆ, ಸಂಜೆ ಪಾದ ನೋಡಿಕೊಂಡಾಗ ಬೊಬ್ಬೆ ಕಾಣುತ್ತದೆ. ಆ ಗಾಯ ಬೇಗ ಮಾಯುವುದಿಲ್ಲ.

ದಾರಿ ಇದೆ. ಇಲ್ಲಿ ಬಿಡಬೇಕಾದ್ದು ಪಾದರಕ್ಷೆ, ಸಾಕ್ಸ್ ಅಲ್ಲ. ಸಾಕ್ಸ್ ಹಾಕಿಕೊಂಡು ಒಳಗೆ ಹೋಗಬಹುದು. ದಪ್ಪ ಹತ್ತಿಯದು ತನ್ನಿ. ಅಂಗಾಲಿಗೆ ರಬ್ಬರ್ ಚುಕ್ಕೆ ಇರುವಂಥದ್ದು ಇನ್ನೂ ಒಳ್ಳೆಯದು, ನುಣ್ಣನೆಯ ಮರದ ನೆಲದ ಮೇಲೆ ಬರೀ ಸಾಕ್ಸ್ ಜಾರುತ್ತದೆ. ಬೆಳಿಗ್ಗೆ ಬೇಗ ಹೋಗಿ. ವಾಟ್ ಫೋ 8 ಗಂಟೆಗೆ ತೆರೆಯುತ್ತದೆ. ಅಲ್ಲಿ ಚಪ್ಪಲಿ ಹಾಕಿಕೊಳ್ಳಲು ಚೀಲ ಕೊಡುತ್ತಾರೆ, ಕೈಯಲ್ಲೇ ಹಿಡಿದುಕೊಂಡು ಒಳಗೆ ಹೋಗಬಹುದು. ಹೊರಗೆ ಬಂದ ಕೂಡಲೇ ಹಾಕಿಕೊಳ್ಳಬಹುದು, ಹುಡುಕುತ್ತಾ ಬಿಸಿಲಲ್ಲಿ ನಿಲ್ಲಬೇಕಾಗಿಲ್ಲ. ದೋಯ್ ಸುತೇಪ್‌ಗೆ 300ಕ್ಕೂ ಹೆಚ್ಚು ಮೆಟ್ಟಿಲು. ಪಕ್ಕದಲ್ಲೇ ಟ್ರಾಮ್ ಇದೆ, ಅದರಲ್ಲಿ ಕರೆದೊಯ್ಯಿರಿ. ಚಪ್ಪಲಿ ಬಿಡಬೇಕಾದ್ದು ಮೇಲಿನ ಚಿನ್ನದ ಸ್ತೂಪದ ಅಂಗಳಕ್ಕೆ ಮಾತ್ರ. ಪ್ರತಿ ರಾತ್ರಿ ಅವರ ಅಂಗಾಲು, ಬೆರಳ ಸಂದಿ ನೀವೇ ದೀಪದ ಬೆಳಕಿನಲ್ಲಿ ನೋಡಿ.

ಇನ್ನೊಂದು ಮಾತು, ಇದು ಇಲ್ಲೇ ನೆಲೆಸಿದವರಿಗೆ. ಥಾಯ್ ಮನೆಗಳ ನೆಲ ಬಹುಪಾಲು ಗಟ್ಟಿ ಟೈಲ್ಸ್. ದಿನವಿಡೀ ಬರಿಗಾಲಲ್ಲಿ ನಡೆದು ಆರೇ ತಿಂಗಳಲ್ಲಿ ಹಿಮ್ಮಡಿ ನೋವು ಅಂತ ಬರುವವರು ಜಾಸ್ತಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಮುಳ್ಳು ಚುಚ್ಚಿದ ಹಾಗೆ ಆಗುತ್ತದೆ. ಇಲ್ಲಿಯವರು ಅದಕ್ಕೆ 'ರೋಂಗ್ ಚಾಮ್' ಅಂತಾರೆ. ಮನೆಯೊಳಗೆ ಮಾತ್ರ ಹಾಕುವ ಒಂದು ಜೊತೆ ಮೆತ್ತನೆಯ ಚಪ್ಪಲಿ ಇಟ್ಟುಕೊಳ್ಳಿ. ಅದು ಹೊಸ್ತಿಲು ದಾಟಬಾರದು, ಅಷ್ಟೇ. ಥಾಯ್ ಗೆಳೆಯರ ಮನೆಗೆ ಹೋಗುವಾಗಲೂ ಚೀಲದಲ್ಲಿ ಹೊಸ ಜೊತೆ ಒಯ್ದು, ಕಾಲು ನೋವಿದೆ ಅಂತ ಹೇಳಿ, ತೋರಿಸಿ ಹಾಕಿಕೊಳ್ಳಿ. ಒಬ್ಬರೂ ಬೇಡ ಅಂದಿದ್ದು ನಾನು ಕೇಳಿಲ್ಲ.

ಪಥುಂಥಾನಿ ಮಲೆನಾಡಿಗ

ಮಳೆಗಾಲದ ಬಗ್ಗೆ ನಾನು ಹೇಳುತ್ತೇನೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಇಲ್ಲಿ ಶೂ ಒಣಗುವುದೇ ಇಲ್ಲ. ಅರ್ಧ ಗಂಟೆ ಮಳೆ ಬಂದರೆ ರಸ್ತೆಯಲ್ಲಿ ಮೊಣಕಾಲುದ್ದ ನೀರು. ಒದ್ದೆ ಸಾಕ್ಸಿನಲ್ಲಿ ದಿನ ಕಳೆದರೆ ಬೆರಳ ಸಂದಿ ಬೆಳ್ಳಗಾಗಿ ಬಿರಿಯುತ್ತದೆ. ಥಾಯ್‌ನಲ್ಲಿ ಅದಕ್ಕೆ 'ನಾಮ್ ಕತ್ ಥಾವ್', ನೀರು ಪಾದವನ್ನು ಕಚ್ಚಿತು ಅಂತ. ನಮ್ಮೂರ ಗದ್ದೆಯ ಕೆಸರುಹುಣ್ಣೇ ಇದು. ಊರಲ್ಲಿ ನಾಟಿ ಮುಗಿಸಿ ಬಂದವರ ಕಾಲಿಗೆ ಅಮ್ಮ ಅರಿಶಿನ, ಎಣ್ಣೆ ಹಚ್ಚುತ್ತಿದ್ದರು.

ಗಲ್ಲಿ ನೀರಿನಲ್ಲಿ ಬರಿಗಾಲಲ್ಲಿ ನಡೆಯಬೇಡಿ. ಇಲಿ ಜ್ವರ ಇಲ್ಲೂ ಇದೆ, 'ರೋಕ್ ಚೀ ನೂ' ಅಂತಾರೆ. ರೋಕ್ ಅಂದರೆ ರೋಗ, ಚೀ ನೂ ಅಂದರೆ ಇಲಿಯ ಮೂತ್ರ. ಕಾಲಿನ ಸಣ್ಣ ಗೀರಿನಿಂದಲೂ ಒಳಗೆ ಹೋಗುತ್ತದೆ. 2011ರ ದೊಡ್ಡ ನೆರೆಯಲ್ಲಿ ನಮ್ಮ ಪಥುಂಥಾನಿ ಪೂರ್ತಿ ನೀರಲ್ಲಿತ್ತು. ಆಗ ಇದ್ದವರು ಇಂದಿಗೂ ಬಾಗಿಲ ಹಿಂದೆ ರಬ್ಬರ್ ಗಂಬೂಟು ಇಟ್ಟುಕೊಂಡಿರುತ್ತಾರೆ.

ಹೊರಗೆ ಬಿಟ್ಟ ಶೂವನ್ನು ಹಾಕುವ ಮುಂಚೆ ತಲೆಕೆಳಗೆ ಮಾಡಿ ಕುಟ್ಟಿ. ಜರಿ, ಚೇಳು, ಕೆಲವೊಮ್ಮೆ ಸಣ್ಣ ಹಾವು. ಇಲ್ಲಿಯ ಜರಿಗೆ 'ತಖಾಪ್' ಅಂತ ಹೆಸರು, ಗೇಣುದ್ದ ಬೆಳೆಯುತ್ತದೆ. ಹೋದ ವರ್ಷ ನನ್ನ ರೂಮ್‌ಮೇಟ್‌ನ ಹೆಬ್ಬೆರಳಿಗೆ ಕಚ್ಚಿ ರಾತ್ರಿಯಿಡೀ ಒದ್ದಾಡಿದ.

ಫಿಸಿಯೋ ಬಳ್ಳಾರಿ

ಒಳ್ಳೆಯದು ನೆನಪಿಸಿದಿರಿ. ಇಸಾನ್ ಕಡೆ ಹೋಗುವವರಿಗೆ ಒಂದು ಎಚ್ಚರಿಕೆ. ಅಲ್ಲಿನ ಗದ್ದೆ ಮಣ್ಣಿನಲ್ಲಿ, ನೀರಿನಲ್ಲಿ ಮೆಲಿಯಾಯ್ಡೋಸಿಸ್ ಅನ್ನುವ ಕಾಯಿಲೆಯ ಬ್ಯಾಕ್ಟೀರಿಯಾ ಇರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಅದರ ಅಪಾಯ ಜಾಸ್ತಿ, ಜೀವಕ್ಕೇ ಕುತ್ತು ತರಬಹುದು. ಒದ್ದೆ ಮಣ್ಣಿನಲ್ಲಿ ಅವರು ಬರಿಗಾಲಿಡಲೇಬಾರದು.

ಹನ್ನೊಂದು ನಂಬರ್

ನನ್ನ ಪಾದ ದೊಡ್ಡದು, ಊರಿನ ಲೆಕ್ಕದಲ್ಲಿ 11. ಇಲ್ಲಿ ಶೂ ಅಂಗಡಿಗಳಲ್ಲಿ ಯುರೋಪಿನ ನಂಬರ್ ಜಾಸ್ತಿ ನಡೆಯುತ್ತದೆ. ಗಂಡಸರಿಗೆ 44ರ ಮೇಲೆ ಸಿಗುವುದು ಕಷ್ಟ. ಹೆಂಗಸರಿಗೆ 40 ದಾಟಿದರೆ ಕಷ್ಟ. ದೊಡ್ಡ ಕಾಲಿನವರು ಊರಿಂದಲೇ ಎರಡು ಜೊತೆ ತನ್ನಿ. ಲೇಸ್ ಕಟ್ಟುವ ಶೂ ಬೇಡ, ದಿನಕ್ಕೆ ಹತ್ತು ಸಲ ಬಿಚ್ಚಿ ಕಟ್ಟಬೇಕಾಗುತ್ತದೆ. ಹಾಗೆ ಜಾರಿಸಿ ಹಾಕುವಂಥದ್ದೇ ಸುಖ. ಲೇಸ್ ಇದ್ದರೆ ಎಲಾಸ್ಟಿಕ್ ಲೇಸ್ ಹಾಕಿಸಿ.

ದಿನಬಳಕೆಗೆ ನನ್ನ ಮೆಚ್ಚಿನದು 'ಚಾಂಗ್ ದಾವ್'. ಆನೆ, ನಕ್ಷತ್ರ ಅಂತ ಅರ್ಥ. ನಾನ್‌ಯಾಂಗ್ ಕಂಪನಿಯ ಹವಾಯಿ ಚಪ್ಪಲಿ ಇದು. ಅಪ್ಪಟ ಸಹಜ ರಬ್ಬರ್. ಜಗತ್ತಿನಲ್ಲೇ ಅತಿ ಹೆಚ್ಚು ಸಹಜ ರಬ್ಬರ್ ಬೆಳೆಯುವ ದೇಶದಲ್ಲಿ ಇನ್ನೇನು ಹಾಕಬೇಕು! ಭಿಕ್ಖುಗಳು, ಮೀನು ಮಾರುವವರು, ಕಾಲೇಜು ಮಕ್ಕಳು ಎಲ್ಲರ ಕಾಲಲ್ಲೂ ಅದೇ. ಹಾಗಾಗಿ ವಾಟ್‌ನ ಹೊರಗೆ ಬಿಟ್ಟರೆ ಅದಲು ಬದಲಾಗುತ್ತದೆ. ನಾನು ಪಟ್ಟಿಗೆ ಒಂದು ಕೆಂಪು ದಾರ ಕಟ್ಟಿದ್ದೇನೆ.

ಖೋನ್‌ಕೇನ್ ಟೀಚರ್

ಭಿಕ್ಖುಗಳ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಬೆಳಗಿನ ಭಿಕ್ಷೆಗೆ ಅವರು ಬರಿಗಾಲಲ್ಲಿ ಬರುತ್ತಾರೆ. ಅನ್ನ ಹಾಕುವವರೂ ಚಪ್ಪಲಿ ಬಿಡಬೇಕು. ಕೆಲವರು ಚಪ್ಪಲಿ ಕಳಚಿ, ನೆಲ ಗಲೀಜು ಅಂತ ಅದರ ಮೇಲೇ ನಿಂತುಬಿಡುತ್ತಾರೆ. ಅದು ಸರಿಯಲ್ಲ. ಭಿಕ್ಖುಗಳು ನೆಲದ ಮೇಲೆ, ನಾವು ಚಪ್ಪಲಿಯ ಮೇಲೆ, ಅಂದರೆ ನಾವು ಅವರಿಗಿಂತ ಎತ್ತರ ಆದ ಹಾಗೆ. ನನ್ನ ಮನೆ ಒಡತಿಯೇ ನನಗೆ ಕೈ ಹಿಡಿದು ಕೆಳಗಿಳಿಸಿ ಹೇಳಿಕೊಟ್ಟರು.

ವಾಟ್‌ನ ಬಾಗಿಲಲ್ಲಿ ಎತ್ತರದ ಹೊಸ್ತಿಲು ಇರುತ್ತದೆ, 'ಥೊರನಿ ಪ್ರತೂ'. ಧರಣಿ ಅನ್ನುವ ಪದವೇ. ಅದನ್ನು ತುಳಿಯದೆ ದಾಟಬೇಕು. ನಮ್ಮ ಹೊಸ್ತಿಲ ಹಾಗೇ.

ನೋಟು ಗಾಳಿಗೆ ಹಾರಿದರೆ ಕಾಲಿನಿಂದ ತಡೆಯಬೇಡಿ. ಎಲ್ಲ ನೋಟಿನ ಮೇಲೂ ರಾಜರ ಚಿತ್ರ ಇದೆ. ಓಡಿದರೆ ಓಡಲಿ, ಕೈಯಲ್ಲೇ ಹಿಡಿಯಿರಿ.

ನೊಂತಬುರಿ ಅಮ್ಮ

ನನಗೊಂದು ಪ್ರಶ್ನೆ. ಅಕಸ್ಮಾತ್ ಯಾರಿಗಾದರೂ ಕಾಲು ತಾಗಿದರೆ ನಾವು ಅವರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಬಸ್ಸಿನಲ್ಲಿ ಹಾಗೆ ಮಾಡಿದೆ, ಪಾಪ ಆ ಹೆಂಗಸು ಬೆಚ್ಚಿಬಿದ್ದರು. ಇಲ್ಲಿ ಏನು ಮಾಡುತ್ತಾರೆ?

ಸಿಲೋಮ್ ಹಳಬ

ಕೈಮುಗಿದು 'ಖೋ ಥೋತ್' ಅನ್ನಿ, ಸಾಕು. ಥೋತ್ ಅಂದರೆ ದೋಷ. ನನ್ನ ದೋಷವನ್ನು ಮನ್ನಿಸಿ ಅಂತ ಕೇಳಿದ ಹಾಗೆ. ಅಪರಿಚಿತರನ್ನು ಮುಟ್ಟುವುದು ಬೇಡ. ಪುಟ್ಟ ಮಕ್ಕಳ ತಲೆ ಸವರುವ ನಮ್ಮ ಅಭ್ಯಾಸವನ್ನೂ ಪರಿಚಯ ಇಲ್ಲದ ಕಡೆ ಬಿಡಿ.

ಪಾದ ಕೆಳಗು ಅಂದೆವಲ್ಲ, ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಹಿರಿಯರ ಪಾದ ಇಲ್ಲೂ ಪೂಜ್ಯವೇ. ಆಗಸ್ಟ್ 12 ಇಲ್ಲಿ ಅಮ್ಮಂದಿರ ದಿನ. ಶಾಲೆಯಲ್ಲಿ ತಾಯಂದಿರನ್ನು ಕುರ್ಚಿಯಲ್ಲಿ ಕೂರಿಸಿ, ಮಕ್ಕಳು ಮಂಡಿಯೂರಿ ಮಲ್ಲಿಗೆ ಹಾರ ಕೊಟ್ಟು ಅವರ ಪಾದಕ್ಕೆ ತಲೆ ಬಾಗುತ್ತಾರೆ. ಸರಬುರಿಯಲ್ಲಿ ಬುದ್ಧನ ಪಾದದ ಗುರುತಿರುವ ವಾಟ್ ಫ್ರ ಫುತ್ಥಬಾತ್ ಇದೆ. ಭಿಕ್ಖುಗಳು ಮಳೆಗಾಲದಲ್ಲಿ ಒಂದೇ ಕಡೆ ನೆಲೆಸುವ ವರ್ಷಾವಾಸ ಶುರುವಾಗುವ ಹೊತ್ತಿಗೆ ಅಲ್ಲಿ ಅವರಿಗೆ ಹೂವಿನ ಭಿಕ್ಷೆ ಹಾಕಿ, ಅವರ ಪಾದ ತೊಳೆಯುತ್ತಾರೆ. ರಾಜರ ಪಟ್ಟಾಭಿಷೇಕದ ಐದು ರಾಜಚಿಹ್ನೆಗಳಲ್ಲಿ ಚಿನ್ನದ ಪಾದುಕೆಯೂ ಒಂದು. 2019ರ ಮೇ ತಿಂಗಳ ಪಟ್ಟಾಭಿಷೇಕವನ್ನು ನಾನು ಟಿವಿಯಲ್ಲಿ ನೋಡುತ್ತಿದ್ದೆ. ರಾಜರಿಗೆ ಪಾದುಕೆ ತೊಡಿಸಿದ ಕ್ಷಣ ನನಗೆ ನೆನಪಾದದ್ದು ಸಿಂಹಾಸನದ ಮೇಲೆ ಅಣ್ಣನ ಪಾದುಕೆ ಇಟ್ಟ ಭರತ.

ಜನಸಾಮಾನ್ಯರು ಹೊರಗೆ ಶೂ ಹಾಕಬೇಕು ಅಂತ ಸರ್ಕಾರವೇ ಒತ್ತಾಯಿಸಿದ ಕಾಲವೂ ಇತ್ತು. 1940ರ ಆಸುಪಾಸಿನಲ್ಲಿ ಫೀಲ್ಡ್ ಮಾರ್ಷಲ್ ಫಿಬುನ್ ಸೋಂಗ್‌ಖ್ರಾಮ್ ಪ್ರಧಾನಿಯಾಗಿದ್ದಾಗ ಹ್ಯಾಟು, ಶೂ ಹಾಕಿ, ಎಲೆ ಅಡಿಕೆ ಬಿಡಿ ಅಂತ ಆದೇಶ ಬಂತು. ಹ್ಯಾಟು ಹೋಯಿತು. ಶೂ ಉಳಿಯಿತು, ಆದರೆ ಹೊಸ್ತಿಲ ಹೊರಗೇ ಉಳಿಯಿತು.

ಶ್ರೀರಾಚಾ ಸೊಸೆ

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಅತ್ತೆ, ಮಾವ ಬಂದು ನಿನ್ನೆ ಊರಿಗೆ ಹೊರಟರು. ನಿಮ್ಮೆಲ್ಲರಿಗೂ ಹೇಳಲೇಬೇಕು ಅನ್ನಿಸಿತು.

ವಾಟ್ ಫೋಗೆ ಎಂಟು ಗಂಟೆಗೇ ಹೋದೆವು. ಮಾವ ಚುಕ್ಕೆ ಸಾಕ್ಸ್ ಹಾಕಿದ್ದರು, ಚೀಲದಲ್ಲಿ ಚಪ್ಪಲಿ. ಮಲಗಿದ ಬುದ್ಧ 46 ಮೀಟರ್ ಉದ್ದ. ಎಲ್ಲರೂ ಮುಖದ ಹತ್ತಿರ ಫೋಟೋ ತೆಗೆಯುತ್ತಿದ್ದರು. ಮಾವ ಮಾತ್ರ ಪಾದದ ಹತ್ತಿರ ಹೋಗಿ ನಿಂತರು. ಮೂರು ಮೀಟರ್ ಎತ್ತರದ ಅಂಗಾಲು, ಕಪ್ಪು ಹಿನ್ನೆಲೆಯಲ್ಲಿ ಮುತ್ತಿನ ಚಿಪ್ಪಿನಿಂದ ಕೂರಿಸಿದ 108 ಮಂಗಳ ಚಿಹ್ನೆಗಳು. 'ನೋಡಮ್ಮಾ, ಯಾರಿಗೂ ಅಂಗಾಲು ತೋರಿಸಬಾರದು ಅನ್ನುವ ಊರಿನಲ್ಲಿ ಇವನೊಬ್ಬನ ಅಂಗಾಲನ್ನು ಎಲ್ಲರೂ ಕೈಮುಗಿದು ನೋಡುತ್ತಾರೆ' ಅಂದರು. ಬಹಳ ಹೊತ್ತು ಅಲ್ಲೇ ಇದ್ದರು. ಅವರಿಗೆ ತಮ್ಮ ಪಾದದ ಚಿಂತೆ ಎಷ್ಟಿದೆ ಅಂತ ನನಗೆ ಆಗ ತಿಳಿಯಿತು.

ದೋಯ್ ಸುತೇಪ್‌ಗೆ ಟ್ರಾಮ್‌ನಲ್ಲಿ ಹೋದೆವು. ಪ್ರತಿ ರಾತ್ರಿ ಅವರ ಅಂಗಾಲು ನೋಡಿದೆ. ಸೊಸೆ ಕೈಯಲ್ಲಿ ಕಾಲು ಮುಟ್ಟಿಸಿಕೊಳ್ಳಲು ಮೊದಲ ದಿನ ಒಪ್ಪಲಿಲ್ಲ, ಎರಡನೇ ದಿನದಿಂದ ಅವರೇ ಚಾಚಿದರು. ಒಂದು ಗೀರೂ ಇಲ್ಲದೆ ಊರಿಗೆ ಕಳಿಸಿದ್ದೇನೆ.

ಪಕ್ಕದ ಮನೆಗೂ ಹೋದೆವು. ಬಟ್ಟೆ ಹೊದಿಸಿದ್ದರಲ್ಲ, ಅದೇ ಅಜ್ಜಿ. ಮಾವನ ಸಾಕ್ಸ್ ನೋಡಿ ಏನೂ ಕೇಳಲಿಲ್ಲ. ಒಳಗೆ ಹೋಗಿ ಒಂದು ಕುರ್ಚಿ, ಒಂದು ಜೊತೆ ಹೊಸ ಮನೆ ಚಪ್ಪಲಿ ತಂದು ಮುಂದಿಟ್ಟರು. ಅವರ ಯಜಮಾನರಿಗೂ ಸಕ್ಕರೆ ಕಾಯಿಲೆ ಇತ್ತಂತೆ. ಅಜ್ಜಿ, ಅತ್ತೆ, ನಾನು ಚಾಪೆ ಮೇಲೆ ಫಪ್ ಫಿಯಪ್ ಹಾಕಿ ಕೂತೆವು. ಅತ್ತೆಗೆ ಅದು ಒಂದೇ ಸಲಕ್ಕೆ ಬಂತು. ನಮ್ಮಲ್ಲಿ ಹೆಂಗಸರು ಹೂ ಕಟ್ಟಲು ಹೀಗೇ ಕೂರುತ್ತಿದ್ದೆವಲ್ಲ ಅಂದರು.

ಪಥುಂಥಾನಿ ಮಲೆನಾಡಿಗ

ಓದಿ ಕಣ್ಣು ತುಂಬಿತು ಅಕ್ಕಾ. ಆ ಚುಕ್ಕೆ ಸಾಕ್ಸ್ ಎಲ್ಲಿ ಸಿಕ್ಕಿತು? ನಮ್ಮ ಅಪ್ಪನೂ ಡಿಸೆಂಬರ್‌ನಲ್ಲಿ ಬರುತ್ತಿದ್ದಾರೆ.

ಶ್ರೀರಾಚಾ ಸೊಸೆ

ಇಲ್ಲಿಯ ವಾರದ ಸಂತೆಯಲ್ಲೇ ಸಿಕ್ಕಿತು, ಯೋಗಕ್ಕೆ ಹಾಕುವ ಸಾಕ್ಸ್ ಅಂತ ಮಾರುತ್ತಾರೆ. ಹಿಮ್ಮಡಿ ಬಿಗಿಯಾಗದ್ದನ್ನು ನೋಡಿ ತೆಗೆದುಕೊಳ್ಳಿ. ಎರಡು ಜೊತೆ ಹೆಚ್ಚಿಗೆ ತಂದಿದ್ದೆ, ಹಾಗೇ ಇವೆ. ಅಪ್ಪನ ಕಾಲಿನ ಅಳತೆ ಬರೆಯಿರಿ, ಕಳಿಸಿಕೊಡುತ್ತೇನೆ.